ಚಹಾ ಬಣ್ಣದ ಹಲ್ಲು

ಮ್ಯಾನೇಜರು ತಾವಾಗಿಯೇ ಎದ್ದು ಕುರ್ಚಿ ಎಳೆದು ಕೊಟ್ಟಾಗಲೇ ದೊಡ್ಡಕ್ಕನಿಗೆ ಅನುಮಾನ ಬಂತು. ಇಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳು ಯಾವತ್ತೂ ನಿಂತೇ ಮಾತಾಡಿದವಳು.

ದೊಡ್ಡಕ್ಕನಿಗೆ ಚಹಾ ಕಂಪನಿಯಲ್ಲಿ ರುಚಿ ನೋಡುವ ಕೆಲಸ. ಯಾವ ಎಲೆಯನ್ನು ಕೊಳ್ಳಬೇಕು, ಯಾವುದನ್ನು ಯಾವುದರ ಜೊತೆ ಬೆರೆಸಬೇಕು ಎಂಬುದು ಅವಳ ನಾಲಿಗೆಯ ಮೇಲೆ ತೀರ್ಮಾನವಾಗಬೇಕು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಒಂದೊಂದರಿಂದಲೂ ಒಂದು ಚಮಚ ಎತ್ತಿ, ಸುರ್ರೆಂದು ಎಳೆದು, ಬಾಯಿತುಂಬ ಓಡಾಡಿಸಿ, ಪಕ್ಕದ ಡಬ್ಬಕ್ಕೆ ಉಗುಳಬೇಕು. ಅವಳು ಎಳೆಯುವ ಸದ್ದಿಗೆ ಮಹಡಿಯ ಮೇಲಿನ ಲೆಕ್ಕದ ವಿಭಾಗದವರು ನೆಲಕ್ಕೆ ಕಾಲು ತಟ್ಟಿ ತಮಾಷೆ ಮಾಡುತ್ತಿದ್ದರು. ಅಷ್ಟು ಚಹಾ ಹಾದುಹೋದ ಬಾಯಲ್ಲಿ ಹಲ್ಲು ಯಾವ ಬಣ್ಣಕ್ಕಿರಬೇಕೋ ಅದೇ ಬಣ್ಣಕ್ಕಿದ್ದವು.

"ಹೊಸ ಪೊಟ್ಟಣದ ಮೇಲೆ ನಿಮ್ಮ ಫೋಟೋ ಹಾಕೋಣ ಅಂತ ಇದೀವಿ," ಎಂದರು ಮ್ಯಾನೇಜರು. "ಇವರು ರುಚಿ ನೋಡಿ ಒಪ್ಪಿದ ಚಹಾ ಅಂತ. ನೀವು ನಗ್ತಾ ಇರಬೇಕು."

"ನಗ್ತೀನಿ, ಅದಕ್ಕೇನು."

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಅದಕ್ಕೆ ಮುಂಚೆ ಹಲ್ಲು ಸ್ವಲ್ಪ ಬಿಳಿ ಮಾಡಿಸಿಕೊಂಡ್ರೆ ಚೆನ್ನಾಗಿತ್ತು. ಪೊಟ್ಟಣ ನೋಡಿದವರು, ಈ ಚಹಾ ಕುಡಿದ್ರೆ ನಮ್ಮ ಹಲ್ಲೂ ಹೀಗಾಗುತ್ತೆ ಅಂದ್ಕೋಬಾರದು ನೋಡಿ."

"ಆಗುತ್ತಲ್ಲ."

"ಆಗುತ್ತೆ. ಅದನ್ನ ಪೊಟ್ಟಣದ ಮೇಲೆ ಯಾಕೆ ಹೇಳ್ಬೇಕು?"

ಹತ್ತಿರದಲ್ಲೇ ಒಬ್ಬ ಒಳ್ಳೆಯ ದಂತವೈದ್ಯೆ ಇದ್ದಾರಂತೆ. ಒಂದು ಸಲ ಹೋಗಿ ಕೂತರೆ ಮುಗಿಯಿತಂತೆ. ಆಮೇಲೆ ಎರಡು ದಿನ ಮಾತ್ರ ಚಹಾ ಮುಟ್ಟುವ ಹಾಗಿಲ್ಲವಂತೆ.

"ಮೇಜಿನ ಕೆಲಸ?" ಎಂದು ಕೇಳಿದಳು ದೊಡ್ಡಕ್ಕ.

"ನಿಮ್ಮ ಜೊತೆಯವಳು ನೋಡ್ಕೋತಾಳೆ ಬಿಡಿ. ಆ ವೈದ್ಯೆ ವಿಷಯ ಹೇಳಿದ್ದೂ ಅವಳೇ."

ಓಹೋ, ನೀರು ಇಲ್ಲಿಂದ ಹರಿದು ಬಂದಿದೆ ಎಂದುಕೊಂಡಳು ದೊಡ್ಡಕ್ಕ.

ಜೊತೆಯವಳು ಎಂದರೆ ಎರಡನೆಯ ರುಚಿಗಾರ್ತಿ. ಬೇರೆ ಕಂಪನಿಯಿಂದ ಬಂದು ಸೇರಿದವಳು, ಮಿತಭಾಷಿ. ದೊಡ್ಡಕ್ಕ ಮನಸ್ಸಿನಲ್ಲೇ ಅವಳಿಗೆ 'ಹಾಲುಹಲ್ಲು' ಎಂದು ಹೆಸರಿಟ್ಟಿದ್ದಳು. ಅದೇ ಚಹಾ, ಅದೇ ಬಟ್ಟಲು, ಆದರೂ ಅವಳ ಮುಂದಿನ ಹಲ್ಲುಗಳು ಈಗ ತಾನೇ ಹುಟ್ಟಿದ ಹಾಗೆ ಬೆಳ್ಳಗೆ. ಚಹಾ ತಾಗಿದ ಬಾಯಿ ಹೀಗಿರಲು ಸಾಧ್ಯವೇ? ರುಚಿ ನೋಡುತ್ತಾಳೋ, ನೋಡಿದ ಹಾಗೆ ನಟಿಸುತ್ತಾಳೋ? ಮೇಜಿನ ಬಳಿ ಒಂದು ನಿಯಮವಿದೆ. ಮೊದಲಿನವಳು ಮುಂದೆ ಹೋಗುತ್ತಾಳೆ, ಎರಡನೆಯವಳು ಒಂದು ಬಟ್ಟಲು ಹಿಂದೆ. ಮೊದಲಿನವಳು ಹೇಳುವ ತನಕ ಎರಡನೆಯವಳು ಬಾಯಿಬಿಡಬಾರದು. ಹೀಗೆ ಬಾಯಿ ಕಟ್ಟಿಕೊಂಡು ಹಿಂದೆ ಹಿಂದೆ ಬರುವವರ ಮನಸ್ಸಿನಲ್ಲಿ ಏನೇನಿರುತ್ತದೋ ಯಾರು ಬಲ್ಲರು.

ಅದೂ ಈ ವಾರವೇ ಆಗಬೇಕೇ? ಹೊಸ ಚಿಗುರಿನ ಮಾದರಿಗಳು ಆಗಲೇ ಬಂದು ಕೂತಿದ್ದವು. ಆ ಔಷಧ ನಾಲಿಗೆಗೆ ತಾಗಿ ರುಚಿ ಕೆಟ್ಟರೆ, ಎರಡು ದಿನ ಹೋಗಿ ಎರಡು ತಿಂಗಳಾದರೆ, ಅಷ್ಟರಲ್ಲಿ ಮೇಜು ಹಾಲುಹಲ್ಲಿನದಾಗಿರುತ್ತದೆ. ನಾಲಿಗೆ ಇಲ್ಲದ ದೊಡ್ಡಕ್ಕ ಎಂದರೆ ಚಮಚ ಹಿಡಿದ ಒಬ್ಬ ವಯಸ್ಸಾದ ಹೆಂಗಸು, ಅಷ್ಟೇ.

ಸಂಜೆ ಮನೆಗೆ ಬಂದು ನಾದಿನಿಯ ಮುಂದೆ ಎಲ್ಲ ಹೇಳಿಕೊಂಡಳು. ಗಂಡ ತೀರಿಕೊಂಡ ಮೇಲೆ ಅತ್ತಿಗೆ ನಾದಿನಿ ಇಬ್ಬರೇ ಆ ಮನೆಯಲ್ಲಿದ್ದರು. ಎಲ್ಲಕ್ಕೂ ಅಂಗಡಿಯಲ್ಲಿ ಒಂದು ಪರಿಹಾರ ಸಿಗುತ್ತದೆ ಎಂದು ನಂಬಿದವಳು ನಾದಿನಿ. ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಒಂದು ಮಿರಿಮಿರಿ ಡಬ್ಬಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

"ಡಾಕ್ಟರೂ ಬೇಡ, ರಜೆಯೂ ಬೇಡ. ಮನೇಲೇ ಆಗುತ್ತೆ. ಈ ಹಲ್ಲಿನ ಅಚ್ಚಿಗೆ ಈ ಟ್ಯೂಬನ್ನ ಹಿಂಡಿ ಹಲ್ಲಿಗೆ ಕಚ್ಕೊಂಡು ಟಿವಿ ನೋಡ್ತಾ ಕೂತ್ಕೊಳ್ಳಿ."

ಡಬ್ಬಿಯ ಮೇಲೆ ಒಬ್ಬ ಹುಡುಗಿ ನಗುತ್ತಿದ್ದಳು. "ಇವಳು ಹುಟ್ಟಿದಾಗಿನಿಂದ ಒಂದು ಲೋಟ ಚಹಾ ಕುಡಿದ ಹಾಗಿಲ್ಲ," ಎಂದಳು ದೊಡ್ಡಕ್ಕ. "ಇದರಲ್ಲಿ ಏನು ಹಾಕಿದ್ದಾರೆ ಅಂತ ಎಲ್ಲಿ ಬರೆದಿದೆ?"

"ಸಣ್ಣ ಅಕ್ಷರದಲ್ಲಿರುತ್ತೆ."

"ಯಾವ ಭಾಷೆ ಇದು?"

"ನಿಮಗೆ ಭಾಷೆ ಬೇಕಾ ಹಲ್ಲು ಬೇಕಾ ಅತ್ತಿಗೆ? ನೀವು ನೀರನ್ನೂ ಮೂಸಿ ನೋಡಿ ಕುಡಿಯೋರು. ನಿಮ್ಮ ಜೊತೆ ನಮ್ಮಣ್ಣ ಹೇಗೆ ಬಾಳಿದನೋ," ಎನ್ನುತ್ತ ನಾದಿನಿ ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಳು.

ದೊಡ್ಡಕ್ಕ ಟ್ಯೂಬಿನ ಮುಚ್ಚಳ ತಿರುಗಿಸಿ ಮೂಸಿದಳು. ಪುದೀನ. ಬರೀ ಪುದೀನ. ಅವಳ ಅನುಮಾನ ಇಮ್ಮಡಿಯಾಯಿತು. ಮುಗ್ಗಿದ ಎಲೆಗೆ ಘಮಘಮ ಸೇರಿಸಿ ತರುವ ವ್ಯಾಪಾರಿಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಮೇಲೆ ಇಷ್ಟು ಪುದೀನ ಸುರಿದಿದ್ದಾರೆ ಎಂದರೆ ಕೆಳಗೆ ಮುಚ್ಚಿಡುವಂಥದ್ದು ಏನೋ ಇರಲೇಬೇಕು. ಅದನ್ನು ತಿಳಿಯುವುದಕ್ಕೆ ಅವಳಿಗೆ ಗೊತ್ತಿದ್ದುದು ಒಂದೇ ದಾರಿ.

ಬಿಳಿ ಬಟ್ಟಲಿಗೆ ಟ್ಯೂಬನ್ನು ಹಿಂಡಿದಳು. ಗಟ್ಟಿಯಾಗಿತ್ತು, ಚಮಚದಿಂದ ಎಳೆಯಲು ಬರುವಂತಿರಲಿಲ್ಲ. ಒಂದಿಷ್ಟು ಉಗುರು ಬೆಚ್ಚನೆಯ ನೀರು ಬಿಟ್ಟು ಕಲಕಿದಳು. ಬೆಳಕಿಗೆ ಹಿಡಿದು ಬಣ್ಣ ನೋಡಿದಳು. ಬಳಿಕ ತನ್ನ ಚಮಚ ತೆಗೆದುಕೊಂಡು, ಕೆಲಸದಲ್ಲಿ ಎಳೆಯುವ ಹಾಗೆಯೇ, ಸುರ್ರೆಂದು ಬಾಯಿತುಂಬ ಎಳೆದು, ಅಂಗುಳಕ್ಕೂ ಕೆನ್ನೆಗೂ ಓಡಾಡಿಸಿದಳು. ಪುದೀನ ಹೋಯಿತು. ಅದರ ಕೆಳಗೆ ಇದ್ದುದು ಬೆಂಕಿ.

ನಾದಿನಿ ಬಟ್ಟೆಯ ರಾಶಿ ಹೊತ್ತು ಬಂದಾಗ ದೊಡ್ಡಕ್ಕ ನಲ್ಲಿಯ ಕೆಳಗೆ ಬಾಯಿ ಒಡ್ಡಿ ನಿಂತಿದ್ದಳು. ನಾದಿನಿ ಬಟ್ಟಲು ನೋಡಿದಳು, ಚಮಚ ನೋಡಿದಳು.

"ಅತ್ತಿಗೆ, ಅದು ಹಚ್ಚೋದು. ಸವಿಯೋದಲ್ಲ."

ದೊಡ್ಡಕ್ಕ ಬಾಯಿ ತೆರೆದು ತೋರಿಸಿದಳು. ಒಸಡೆಲ್ಲ ಬೆಳ್ಳಗೆ ಸುಣ್ಣ ಬಳಿದ ಹಾಗಾಗಿತ್ತು. ಹಲ್ಲು ಮಾತ್ರ ಮೊದಲಿದ್ದ ಬಣ್ಣಕ್ಕೇ ಇತ್ತು. ನಾದಿನಿ ಬಟ್ಟೆ ಕೆಳಗಿಟ್ಟು, ತಣ್ಣನೆಯ ಹಾಲು ತಂದು, ಕುಡಿಯುವ ತನಕ ಲೋಟ ತಾನೇ ಹಿಡಿದು ನಿಂತಳು. "ನಗು ಬರ್ತಿದೆ ಅತ್ತಿಗೆ," ಎಂದಳು ಮೆಲ್ಲಗೆ. "ಇವತ್ತು ಬೇಡ, ನಿಮಗೆ ವಾಸಿಯಾದ ಮೇಲೆ ನಗ್ತೀನಿ."

ಮರುದಿನ ರಜೆ ಹಾಕಿ ಎಂದು ನಾದಿನಿ ಹೇಳಿದರೂ ದೊಡ್ಡಕ್ಕ ಕೇಳಲಿಲ್ಲ. ರಜೆ ಹಾಕಿದರೆ ಹಾಲುಹಲ್ಲು ಬಯಸಿದ್ದೇ ಆದೀತು.

ಹೊಸ ಚಿಗುರಿನ ಬಟ್ಟಲುಗಳು ಸಾಲಾಗಿ ಕಾದಿದ್ದವು. ಮ್ಯಾನೇಜರು ತಾವೇ ಬಂದು ಮೇಜಿನ ಆ ತುದಿಗೆ ನಿಂತಿದ್ದರು. ದೊಡ್ಡಕ್ಕ ಮೊದಲ ಚಮಚ ಎತ್ತಿದಳು. ಉರಿಗೆ ಹೆದರಿ ತುಟಿಯಂಚಿನಲ್ಲೇ ಮೆಲ್ಲಗೆ ಹೀರಿದಳು. ಒದ್ದೆ ಕಾಗದದ ರುಚಿ. ಎರಡನೆಯ ಬಟ್ಟಲಲ್ಲೂ ಅದೇ ಒದ್ದೆ ಕಾಗದ.

ಆಗ ಹಿಂದಿನಿಂದ ಹಾಲುಹಲ್ಲು ಮುಂದಕ್ಕೆ ಬಂದಳು. "ದೊಡ್ಡಕ್ಕ, ಇವತ್ತು ನಾನು ಮುಂದೆ ಹೋಗ್ಲಾ? ತಪ್ಪಿದ್ರೆ ನೀವು ತಿದ್ದಿ."

ನಿಯಮ ಮುರಿದಿತ್ತು, ಅದೂ ಮ್ಯಾನೇಜರ ಎದುರಿಗೆ. ಕಾದು ಕಾದು ಹೊಡೆದಳು ಎಂದುಕೊಂಡಳು ದೊಡ್ಡಕ್ಕ. ಆದರೆ ಬೆಂದ ಬಾಯಿಂದ ಏನೆಂದು ಜಗಳ ಆಡುವುದು? ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಹಾಲುಹಲ್ಲು ಒಂದೊಂದೇ ಬಟ್ಟಲು ನೋಡುತ್ತ ಹೋದಳು. "ಇದು ಸ್ವಲ್ಪ ಹೊಗೆ ಹಿಡಿದಿದೆ. ಎಲೆ ನೋಡಿದಾಗಲೇ ದೊಡ್ಡಕ್ಕ ಹೇಳಿದ್ರು." ಮುಂದಿನದಕ್ಕೆ: "ಇದು ಒಳ್ಳೇದು, ಹೊಳಪಿದೆ. ಇದನ್ನ ಬಿಡಬೇಡಿ ಅಂದಿದ್ರು." ಇನ್ನೊಂದಕ್ಕೆ: "ಇದು ದೊಡ್ಡಕ್ಕನಿಗೆ ಹಿಡಿಸೋದಿಲ್ಲ, ನನಗೆ ಗೊತ್ತು."

ದೊಡ್ಡಕ್ಕ ಅಂಥದ್ದೇನೂ ಹೇಳಿರಲಿಲ್ಲ. ಮೊದಲು ಅದೂ ಒಂದು ಮಸಲತ್ತು ಎನ್ನಿಸಿತು. ನಾಳೆ ತಪ್ಪಾದರೆ ತನ್ನ ತಲೆಗೆ ಕಟ್ಟಲು. ಆದರೆ ಬಟ್ಟಲಿನಲ್ಲಿ ಬಿದ್ದಿದ್ದ ಎಲೆಯನ್ನೂ ಚಹಾದ ಬಣ್ಣವನ್ನೂ ಕಣ್ಣಿನಿಂದಲೇ ನೋಡುತ್ತ ಬಂದರೆ ಒಂದು ಮಾತೂ ಸುಳ್ಳಾಗಿರಲಿಲ್ಲ. ದೊಡ್ಡಕ್ಕ ತಲೆಯಾಡಿಸಿದಳು. ಮ್ಯಾನೇಜರು ತೃಪ್ತಿಯಿಂದ ಹೊರಟುಹೋದರು.

ಚಮಚ ತೊಳೆಯುವ ನಲ್ಲಿಯ ಬಳಿ ಇಬ್ಬರೇ ಉಳಿದರು.

"ಬಾಯಿ ಏನು ಮಾಡ್ಕೊಂಡಿದೀರಿ?" ಎಂದಳು ಹಾಲುಹಲ್ಲು. "ಮೊದಲನೇ ಬಟ್ಟಲಿಗೇ ಗೊತ್ತಾಯ್ತು. ಸದ್ದೇ ಇರಲಿಲ್ಲ. ಮೇಲಿನವರೂ ಕಾಲು ತಟ್ಟಲಿಲ್ಲ."

ದೊಡ್ಡಕ್ಕ ಹೇಳಿದಳು, ಬಟ್ಟಲು, ಉಗುರು ಬೆಚ್ಚನೆಯ ನೀರು, ಚಮಚ ಎಲ್ಲ. ಹಾಲುಹಲ್ಲು ನಗಲಿಲ್ಲ. "ಎಷ್ಟು ನೀರು ಬೆರೆಸಿದ್ರಿ?" ಎಂದಷ್ಟೇ ಕೇಳಿದಳು. ಬೇರೆ ಯಾರೂ ಈ ಪ್ರಶ್ನೆ ಕೇಳುತ್ತಿರಲಿಲ್ಲ ಎಂದು ದೊಡ್ಡಕ್ಕನಿಗೆ ಹೊಳೆಯಿತು.

"ನಿನ್ನ ಹಲ್ಲಿಗೆ ಅದೇನು ಹಚ್ತೀಯ?" ಬಹಳ ದಿನದಿಂದ ಗಂಟಲಲ್ಲಿದ್ದ ಮಾತು ಬಂದೇಬಿಟ್ಟಿತು.

ಹಾಲುಹಲ್ಲು ಸುತ್ತ ನೋಡಿ, ಚಮಚದ ಹಿಂಬದಿಯಿಂದ ಮುಂದಿನ ಹಲ್ಲಿಗೆ ಒಮ್ಮೆ, ಪಕ್ಕದ ಬಟ್ಟಲಿಗೆ ಒಮ್ಮೆ ತಟ್ಟಿದಳು. "ಎರಡೂ ಪಿಂಗಾಣಿ. ಸೈಕಲ್ಲಿಂದ ಬಿದ್ದು ಮುಂದಿನವೆಲ್ಲ ಹೋಗಿದ್ವು. ಆ ವೈದ್ಯೆ ಕಟ್ಟಿಕೊಟ್ರು. ಅದಕ್ಕೇ ಅವರ ವಿಷಯ ಹೇಳಿದ್ದು ನಾನು. ಕೈ ಮೆತ್ತಗಿದೆ."

ದೊಡ್ಡಕ್ಕ ನಲ್ಲಿ ನಿಲ್ಲಿಸಿ, ತನ್ನ ಚಮಚದ ಜೊತೆ ಅವಳದನ್ನೂ ಒರೆಸಿಟ್ಟಳು.

ಮಧ್ಯಾಹ್ನ ಹಾಲುಹಲ್ಲು ತಾನೇ ಅವಳನ್ನು ದಂತವೈದ್ಯೆಯ ಬಳಿಗೆ ಕರೆದುಕೊಂಡು ಹೋದಳು. ವೈದ್ಯೆ ಹಲ್ಲು ಬಿಳಿ ಮಾಡಿಸಿಕೊಳ್ಳಿ ಎಂದು ಒತ್ತಾಯಿಸುತ್ತಾಳೆ ಎಂದು ದೊಡ್ಡಕ್ಕ ಕಾದಳು. ವೈದ್ಯೆ ಆ ಮಾತೇ ಎತ್ತದೆ ಒಸಡು ನೋಡುತ್ತಿದ್ದಳು. ಅದೂ ಅನುಮಾನಕ್ಕೇ ಕಾರಣವಾಯಿತು.

"ನೀವು ಹಚ್ಚೋದರಲ್ಲಿ ಏನಿರುತ್ತೆ?" ಎಂದು ದೊಡ್ಡಕ್ಕ ತಾನೇ ಕೇಳಿದಳು.

"ನೀವು ಸವಿದ ಜಾತಿಯದ್ದೇ. ನಾನು ಮೊದಲು ಹುಳುಕು, ಬಿರುಕು ನೋಡ್ತೀನಿ. ಒಸಡಿಗೆ ತಾಗದ ಹಾಗೆ ಮುಚ್ಚಿ ಹಚ್ತೀನಿ. ಬೇಕಾದ್ರೆ ನಿಮ್ಮ ಹಲ್ಲಿನ ಅಳತೆಗೇ ಅಚ್ಚು ಮಾಡಿಕೊಟ್ಟು, ಮನೇಲಿ ಹೇಗೆ ಹಾಕ್ಕೋಬೇಕು ಅಂತ ಹೇಳಿ ಕಳಿಸ್ತೀನಿ. ಏನೇ ಆದ್ರೂ ಈ ಗಾಯ ಮಾಯೋ ತನಕ ಎರಡೂ ಬೇಡ."

"ಆ ಬಿಳಿ ಎಷ್ಟು ಕಾಲ ಇರುತ್ತೆ?"

"ನೀವು ಕೆಲಸ ಬಿಟ್ರೆ ತುಂಬ ಕಾಲ ಇರುತ್ತೆ."

"ನಾಲಿಗೆ?"

ವೈದ್ಯೆ ಆಗ ಕನ್ನಡಕ ಮೇಲಕ್ಕೆತ್ತಿ ಅವಳ ಮುಖ ನೋಡಿದಳು. ಕೇಳಬೇಕಾದ ಪ್ರಶ್ನೆ ಇದೇ ಎಂದು ಅವಳಿಗೆ ಅರ್ಥವಾಗಿರಬೇಕು. ದೊಡ್ಡಕ್ಕನ ಕೈಮೇಲೆ ಕೈಯಿಟ್ಟು ಹೇಳಿದಳು, "ವಾಪಸ್ ಬರುತ್ತೆ. ಬಿಸಿ ಮುಟ್ಟಬೇಡಿ, ಅಷ್ಟೇ."

ವಾರ ಕಳೆಯುವ ಹೊತ್ತಿಗೆ ಉರಿ ಹೋಗಿತ್ತು. ಅಷ್ಟೂ ದಿನ ಹಾಲುಹಲ್ಲೇ ಮುಂದೆ ಹೋದಳು, ದೊಡ್ಡಕ್ಕ ಹೇಳಿದ್ದಾರೆ ಎನ್ನುತ್ತಲೇ ಎಲ್ಲ ಹೇಳಿದಳು.

ಮ್ಯಾನೇಜರು ಮತ್ತೆ ಕುರ್ಚಿ ಎಳೆದರು. ದೊಡ್ಡಕ್ಕ ಕೂರಲಿಲ್ಲ. "ಪೊಟ್ಟಣದ ಮೇಲೆ ಅವಳು ನಗಲಿ," ಎಂದಳು. "ಅವಳ ಹಲ್ಲಿಗೆ ಯಾವ ಚಹಾನೂ ಹಿಡಿಯಲ್ಲ. ನಾನು ಪೊಟ್ಟಣದ ಒಳಗಿನದನ್ನ ನೋಡ್ಕೋತೀನಿ." ಮ್ಯಾನೇಜರಿಗೆ ಸಮಾಧಾನವೇ ಆಯಿತು. ಬಾಗಿಲಲ್ಲಿ ನಿಂತಿದ್ದ ಹಾಲುಹಲ್ಲು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೇಜಿನ ಬಳಿ ಹಾಲುಹಲ್ಲು ಏನೂ ಹೇಳದೆ ತನ್ನ ಹಳೆಯ ಜಾಗಕ್ಕೆ, ಒಂದು ಬಟ್ಟಲು ಹಿಂದಕ್ಕೆ ಸರಿದು ನಿಂತಳು. ದೊಡ್ಡಕ್ಕ ಚಮಚ ಎತ್ತಿದಳು. ಒಂದು ಕ್ಷಣ ಕೈ ತಡೆಯಿತು. ಆಮೇಲೆ ಸುರ್ರೆಂದು ಎಳೆದಳು. ಎಲೆ ಬಂತು, ಬಿಸಿಲು ಬಂತು, ಕೊನೆಯಲ್ಲಿ ಸಣ್ಣಗೆ ಒಗರು ಬಂತು. ಅವಳು ನಿಲ್ಲದೆ ಸಾಲಿನ ಕೊನೆಯವರೆಗೂ ಹೋದಳು. ಅಲ್ಲಿ ತಿರುಗಿ ನಿಂತಳು.

"ಮೂರನೆಯದೂ ಇದೂ ಒಂದೇ ಎಲೆ. ಯಾರು ಎರಡು ಸಲ ಇಟ್ಟಿದ್ದು?"

"ನಾನೇ," ಎಂದಳು ಹಾಲುಹಲ್ಲು.

"ನನ್ನ ಮೇಲೆ ಅನುಮಾನವಾ?"

"ಸ್ವಲ್ಪ."

ಮಹಡಿಯ ಮೇಲೆ ಯಾರೋ ನೆಲಕ್ಕೆ ಕಾಲು ತಟ್ಟಿದರು.