ವಿನಾರ್ಸಿಯ ಲಾಗಿನ್

ಪರ್ವೋಕೊ ತನ್ನ ಮನೆಯ ಜಗಲಿಯಿಂದ ಇಡೀ ಕೇರಿಗೆ ವೈಫೈ ಮಾರುತ್ತಿದ್ದ. ಹೆಸರಿಗೊಂದು ಲಾಗಿನ್. ಕೊಂಡ ಅವಧಿ ಮುಗಿಯಿತೋ, ಅವನ ಸರ್ವರ್ ಯಾರ ಮುಖವನ್ನೂ ನೋಡದೆ ಹೊರಗೆ ಹಾಕುತ್ತಿತ್ತು. ಊರ ಮುಖಂಡನ ಮಗ ಆಟದ ನಡುವೆ ಲಾಗಿನ್ ಸತ್ತಿತೆಂದು ಕೂಗಾಡಿದಾಗಲೂ ಅವನು ಜಗ್ಗಿರಲಿಲ್ಲ. "ನಿಯಮ ಅಂದ್ರೆ ನಿಯಮ" ಅಂದಿದ್ದ.

ಅಂಥ ಸತ್ಯಸಂಧನ ಬುದ್ಧಿ ಕೆಟ್ಟದ್ದು ಎದುರಿನ ತಿಂಡಿ ಅಂಗಡಿಯ ವಿನಾರ್ಸಿಯಿಂದ. ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಸುರಿದು ಕೊಡುವಾಗ ಅವಳು ಜಾವಾದ ರೂಢಿಯಂತೆ ಮರ್ಯಾದೆಗೆ 'ಮಾಸ್' ಎನ್ನುತ್ತ ಅವನಿಗೊಂದು ಹಪ್ಪಳ ಹೆಚ್ಚಿಗೆ ಇಡುತ್ತಿದ್ದಳು. ಆ ಹಪ್ಪಳದ ಮೇಲೆ ಆಸಾಮಿ ಮನೆ ಕಟ್ಟಿ, ಮದುವೆಯಾಗಿ, ಮಕ್ಕಳಿಗೆ ಹೆಸರೂ ಇಟ್ಟಿದ್ದ. ಬಾಯಿಬಿಟ್ಟು ಒಂದು ಮಾತು ಮಾತ್ರ ಹೇಳಿರಲಿಲ್ಲ.

ಹೀಗಿರಲು ಅವಳು ದಿನಾ ಸಂಜೆ ಅಂಗಡಿ ಮುಚ್ಚಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಪರದೆಯ ಮೇಲೆ ಒಬ್ಬನ ಮುಖ ನೋಡುತ್ತ ಮಾತಾಡತೊಡಗಿದಳು. ಅತ್ತ ಕಡೆ ಹೆರ್ಯಾಂತೊ, ಕಡಲಾಚೆಯ ಕಾಲಿಮಂತಾನ್‌ನ ಗಣಿಯಲ್ಲಿ ಲಾರಿ ಓಡಿಸುವವನು. ಅವಳ ನಗು ಕೇಳಿದರೆ ಪರ್ವೋಕೊನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅದಕ್ಕಿಂತ ಉರಿ ಏನೆಂದರೆ, ಅವರ ಸರಸ ಹರಿಯುತ್ತಿದ್ದದ್ದು ತನ್ನದೇ ತಂತಿಯಲ್ಲಿ!

ಒಂದು ಸಂಜೆ ತಡೆಯಲಾಗದೆ ಸರ್ವರಿನಲ್ಲಿ ಅವಳ ಲಾಗಿನ್ನಿಗೆ ಮಾತ್ರ ಬೇರೆ ನಿಯಮ ಬರೆದ. ಸ್ವಲ್ಪ ಹೊತ್ತಿಗೇ ಹೊರಗೆ ನೂಕು, ಮತ್ತೆ ಒಳಗೆ ಬರಲು ಕಾಯಿಸು. ಮಾತು ರಂಗೇರುವಷ್ಟರಲ್ಲಿ ಕತ್ತರಿ.

"ಮಾಸ್ ಪರ್ವೋಕೊ, ಏನಾಗಿದೆ ನಿಮ್ ವೈಫೈಗೆ? ಅವ್ರು ಏನೋ ಹೇಳೋಕೆ ಬಾಯಿ ತೆಗೀತಾರೆ, ಪಟ್ಟಂತ ಹೋಗ್ಬಿಡತ್ತೆ!"

"ಗಣಿ ಕಡೆ ಸಿಗ್ನಲ್ಲೇ ಸರಿಯಿಲ್ಲ ವಿನ್, ನಾನೇನ್ ಮಾಡ್ಲಿ?"

"ಪಕ್ಕದ್ಮನೆ ಅಜ್ಜಿ ಕೂತ್ಕೊಂಡು ಪೂರ್ತಿ ಧಾರಾವಾಹಿ ನೋಡ್ತಾಳಲ್ಲ?"

"ಅದೇ ಬೇರೆ, ಇದೇ ಬೇರೆ" ಎಂದು ಅವನು ಒಳಗೆ ಸರಿದುಕೊಂಡ.

ಬರಬರುತ್ತ ನಗು ಜಗಳವಾಯಿತು. "ನಾನೆಲ್ಲಿ ಕಟ್ ಮಾಡ್ದೆ? ನೀವೇ ಮಾಡಿದ್ದು!" ಎಂದು ಅವಳು ಫೋನಿಗೆ ಅರಚುವುದು ರಸ್ತೆಯವರೆಗೂ ಕೇಳುತ್ತಿತ್ತು. ಆಮೇಲೆ ಮಾತೇ ನಿಂತಿತು. ಪರ್ವೋಕೊನಿಗೆ ಹಾಲು ಕುಡಿದಷ್ಟು ಸಂತೋಷ. ಶುಕ್ರವಾರದ ನಮಾಜು ಮುಗಿಸಿ, ಇಸ್ತ್ರಿ ಮಾಡಿದ ಬಾತಿಕ್ ಅಂಗಿ ತೊಟ್ಟು, ಇವತ್ತು ಹೇಳಿಯೇ ಬಿಡುವುದೆಂದು ರಸ್ತೆ ದಾಟಿದ.

ಅಂಗಡಿಯ ಮುಂದೆ ವ್ಯಾನು ನಿಂತಿತ್ತು. ಹಿರಿಯರು ಹೆಣ್ಣು ಕೇಳಲು ತರುವ ವಾಜಿಕ್, ಆ ಅಂಟಕ್ಕಿಯ ಸಿಹಿಯನ್ನು, ತಟ್ಟೆಗಟ್ಟಲೆ ಇಳಿಸುತ್ತಿದ್ದರು. ವಿನಾರ್ಸಿ ಓಡಿಬಂದು ಅವನ ಕೈಗೊಂದು ತುಂಡು ಇಟ್ಟಳು.

"ತಿನ್ನಿ ಮಾಸ್! ಹೆರ್ಯಾಂತೊ ಅಪ್ಪ ಅಮ್ಮನ್ನ ಕರ್ಕೊಂಡು ಬಂದಿದಾರೆ. ನಿಮ್ ವೈಫೈ ಕೈಕೊಡ್ದೇ ಇದ್ದಿದ್ರೆ ಇನ್ನೂ ಎಷ್ಟು ವರ್ಷ ಫೋನಲ್ಲೇ ಹಲ್ಲು ಕಿರೀತಿದ್ರೋ! ಮಾತು ಕಟ್ ಆಗ್ತಾ ಇತ್ತಲ್ಲ, ಇಲ್ಲಿ ನಂಗೆ ಇನ್ಯಾರೋ ಇದಾರೆ ಅಂತ ಹೊಟ್ಟೆಕಿಚ್ಚು ಹತ್ಕೊಂಡು, ರಜೆ ಹಾಕಿ ಓಡಿ ಬಂದಿದಾರೆ."

ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಾನಂದೆ, ಅಯ್ಯೋ ಮಹರಾಯ, ಈ ಕೇರೀಲಿ ಯಾರಿದಾರೆ ಅಂತ? ನೀವೇ ಹೇಳಿ ಮಾಸ್, ಯಾರಾದ್ರೂ ಇದಾರಾ?"

ಸಿಹಿ ಪರ್ವೋಕೊನ ಹಲ್ಲಿಗೆ ಮೆತ್ತಿಕೊಂಡಿತ್ತು. ಇಡೀ ಲೋಕದಲ್ಲಿ ಅವಳಿಗಾಗಿ ಹೀಗೊಬ್ಬ ಇದ್ದಾನೆಂದು ನಂಬಿದವನು ಆ ಲಾರಿಯವನೊಬ್ಬನೇ.

"ಯಾರೂ ಇಲ್ಲ, ವಿನ್" ಅಂದ.