ಬೆನ್ನಿನ ಬಿಳುಪು

ಗಿಡಿಯೋನ್ ಪೆರ್ರಾಂನ ಕುಂಚಕ್ಕೆ ಇದ್ದದ್ದು ಒಂದೇ ಕೂದಲು. ಸೂಕ್ಷ್ಮದ ಕೆಲಸವಿದ್ದರೆ ಅದನ್ನೂ ಉದ್ದಕ್ಕೆ ಸೀಳಿಕೊಳ್ಳುತ್ತಿದ್ದ. ಅವನು ಬರೆದ ರಾಜಕುಮಾರಿಯೊಬ್ಬಳ ಮೂಗಿನ ಮೇಲೆ ಕೂತ ನೊಣ, ಅವಳು ಸೀನಿಯಾಳೆಂದು ಹೆದರಿ ಹಾರಿಹೋಯಿತು. ಜಿನೀವಾ ಬಿಟ್ಟು ಲೀನ್‌ಬರ್ಗ್ ಅರಮನೆ ಸೇರಿದ ಮೇಲೆ, ಹೆಬ್ಬೆರಳಗಲದ ತಾಮ್ರದ ತಗಡಿನ ಮೇಲೆ ಒಲೆಯಲ್ಲಿ ಸುಟ್ಟರೆ ಗಾಜಾಗುವ ಎನಾಮೆಲ್ ಬಣ್ಣದಲ್ಲಿ ಅರಸುಮಕ್ಕಳನ್ನು ಬರೆದು ಬರೆದು ಅವನ ಮೀಸೆಯೂ ಗುಲಾಬಿಯಾಗಿತ್ತು.

"ನನ್ನ ಒಲೆ ಇವತ್ತಿನವರೆಗೂ ಒಂದು ಮಗೂನೂ ತಿಂದಿಲ್ಲ" ಎನ್ನುತ್ತಿದ್ದ, ಸುಡುವಾಗ ಒಂದು ಚಿತ್ರವೂ ಕೆಡದ ಜಂಬದಲ್ಲಿ.

"ನಿಮ್ಮ ಒಲೆಗೆ ಕೆಲಸ ಇಲ್ಲ, ನಿಮ್ಮ ಬಾಯೇ ಸಾಕು ಸುಡೋಕೆ" ಎನ್ನುತ್ತಿದ್ದಳು ಹೆಂಡತಿ ಸಲೋಮೆ. ತಗಡು ಸೊಟ್ಟಗಾಗದಂತೆ ಹಿಂಬದಿಗೆ ಬಿಳಿ ಎನಾಮೆಲ್ ಬಳಿಯುವುದು ಅವಳ ಪಾಲು. ಚೌಕಟ್ಟಿನೊಳಗೆ ಹೂತುಹೋಗುವ ಬೆನ್ನು ಅದು.

ಆ ಚಳಿಗಾಲ ಪುಟ್ಟ ರಾಜಕುಮಾರ ಲೂಡೊಲ್ಫ್ ಕೆಂಪುಜ್ವರದಲ್ಲಿ ಮಲಗಿದ. ವೈದ್ಯರು ಕೈಚೆಲ್ಲಿದರು. ಮಗನ ಆರೋಗ್ಯದ ಮುಖ ತನಗೆ ಉಳಿಯಬೇಕೆಂದು ತಾಯಿ ಎರ್ಮೆಂಗಾರ್ಡ್ ಕೇಳಿದಳು. ಹಿಂದಿನ ವಸಂತದಲ್ಲಿ ಬರೆದಿಟ್ಟ ರೇಖಾಚಿತ್ರ ನೋಡಿಕೊಂಡು ಗಿಡಿಯೋನ್ ಊಟ, ನಿದ್ದೆ, ಜಂಬ ಮೂರನ್ನೂ ಬಿಟ್ಟು ಬರೆದ. ಕೊನೆಯ ಸುಡುವಿಕೆಯೊಂದೇ ಬಾಕಿ ಇರುವಾಗ ಎರ್ಮೆಂಗಾರ್ಡ್ ತಾನೇ ಬಂದಳು.

"ಪೆರ್ರಾಂ, ಈ ಕೆನ್ನೆ ಏನಿದು? ಹೆಣದ ಹಾಗಿದೆ."

"ಹಸಿ ಬಣ್ಣ ದೊರೆಸಾನಿ" ಎಂದಳು ಸಲೋಮೆ. "ಚಿನ್ನದಿಂದ ಮಾಡಿದ ಕೆಂಪು, ಬೆಂಕಿ ಕಾಣೋವರೆಗೂ ಬೂದಿಯಾಗೇ ಇರತ್ತೆ."

"ನಾನು ನೋಡೋದು ಈಗ. ಆಗದಿದ್ರೆ ಹೇಳು, ಡ್ರೆಸ್ಡೆನ್‌ನ ಚಿತ್ರಗಾರನ್ನ ಕರೆಸ್ತೀನಿ."

ಡ್ರೆಸ್ಡೆನ್ ಎಂಬ ಮಾತು ಗಿಡಿಯೋನ್‌ಗೆ ಬಾರುಕೋಲಿನೇಟು. "ಆಗದ್ದು ಅಂತ ನನ್ನ ಹತ್ರ ಇಲ್ಲ" ಎಂದು ಕೆನ್ನೆಗೆ ಇನ್ನೊಂದು ಪದರ ಏರಿಸಿದ, ಮತ್ತೊಂದು. ಸಲೋಮೆ ಅವನ ತೋಳು ಹಿಡಿದಳು. ಅವನು ಕೊಡವಿಕೊಂಡ.

ಒಲೆಯಿಂದ ಹೊರಬಂದ ಲೂಡೊಲ್ಫ್‌ನ ಮುಖ ಧಗಧಗ ಉರಿಯುತ್ತಿತ್ತು. ಸುಟ್ಟು ಗಾಜಾದ ಬಣ್ಣವನ್ನು ಕೆರೆಯಲೂ ಬರುವುದಿಲ್ಲ. ಅಷ್ಟರಲ್ಲಿ ಅರಮನೆಯ ಸಾವಿನ ಗಂಟೆ ಬಡಿಯತೊಡಗಿತು.

ಕಪ್ಪುಡುಗೆಯ ತಾಯಿ ಚಿತ್ರವನ್ನು ಅಂಗೈಯಲ್ಲಿಟ್ಟು ನೋಡಿದಳು. "ಕೊನೇಲಿ ಹೀಗೇ ಇದ್ದ."

"ಇನ್ನೊಂದು ಬರೆದುಕೊಡ್ತೀನಿ, ದೊರೆಸಾನಿ."

"ಬೇಡ. ಇನ್ನು ನೀನೇನು ಬರೆದ್ರೂ ನಂಗೆ ಇದೇ ಕಾಣೋದು."

ಆಕೆ ಅದನ್ನು ಹಿಂಬದಿ ತೆರೆದ ಪದಕದ ಚೌಕಟ್ಟಿನಲ್ಲಿ ಕೂರಿಸಿ, ಮುಖ ಎದೆಗೆ, ಬಿಳಿ ಬೆನ್ನು ಲೋಕಕ್ಕೆ ಮಾಡಿ ಕೊರಳಲ್ಲಿ ಧರಿಸಿದಳು. ವರ್ಷ ತಿರುಗುವುದರೊಳಗೆ ಆಸ್ಥಾನದ ಹೆಂಗಸರೆಲ್ಲ ಬಿಳಿ ಬಿಲ್ಲೆ ತೊಟ್ಟರು. ಅವರ ನಾಯಿಗಳೂ ತೊಟ್ಟವು.

"ಹಾಲಿನ ಕೆನೆ ಕಣ್ರೀ ಅದು" ಎಂದು ದೊರೆಸಾನಿಯ ಎದೆಯ ಬಿಲ್ಲೆ ತೋರಿಸಿ ಮುದಿ ಕೌಂಟೆಸ್ ಒಬ್ಬಳು ಗಿಡಿಯೋನ್‌ನನ್ನು ತಡೆದಳು. "ನಿಮ್ಮದೇ ಕೈಯಲ್ವೇ?"

ಸೂರ್ಯ ಹುಟ್ಟಿದ್ದಕ್ಕೂ ಹೆಸರು ತೆಗೆದುಕೊಳ್ಳುತ್ತಿದ್ದ ಮನುಷ್ಯ ಟೋಪಿ ತೆಗೆದು ನಿಂತ.

"ನನ್ನ ಹೆಂಡತೀದು" ಎಂದ. "ನನ್ನದು ಒಳಗಡೆ ಇದೆ."