ಗಂಟಲ ಮೇಲೆ ನಿಲ್ಲದ ಕೈ

೧

ಈ ಕಥೆಯನ್ನು ಅಣಬೆಯಿಂದ ಶುರು ಮಾಡಿದರೆ ನೀವು ಇದನ್ನು ನಶೆಯ ಕಥೆ ಎಂದುಕೊಳ್ಳುತ್ತೀರಿ, ಕೊನೆಯಲ್ಲಿ ನೀತಿಪಾಠ ಕಾದಿದೆ ಎಂದು ಪಕ್ಕಕ್ಕಿಡುತ್ತೀರಿ. ಶಕ್ತಿ ಚಿಕಿತ್ಸೆಯ ಟೀಚರಿಂದ ಶುರು ಮಾಡಿದರೆ ಅರ್ಧ ಜನ ಮೂಗು ಮುರಿಯುತ್ತೀರಿ, ಇನ್ನರ್ಧ ಜನ ಅವರ ಫೋನ್ ನಂಬರ್ ಕೇಳುತ್ತೀರಿ. ಅಮ್ಮನ ಸಾವಿನಿಂದ ಶುರು ಮಾಡೋಣವೆಂದರೆ, ಕಥೆ ಕಾಲೂರುವ ಮೊದಲೇ ಕಣ್ಣೀರು ಹಾಕಿಸಿದ ಅಪವಾದ ಹೊರಬೇಕಾಗುತ್ತದೆ. ಸದ್ಯಕ್ಕೆ ಹಲ್ಲಿನಿಂದ ಶುರು ಮಾಡುತ್ತೇನೆ. ಹಲ್ಲಿನ ಬಗ್ಗೆ ಯಾರಿಗೂ ತಕರಾರಿರಲಾರದು.

ತಂಗಿ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿದ್ದಾಳೆ. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಮೇಣದಲ್ಲಿ ಹಲ್ಲು ಕೆತ್ತುತ್ತಾಳೆ, ಪಕ್ಕದ ಹಲ್ಲಿನ ಹಳದಿಗೆ ಹೊಂದುವ ಹಳದಿ ಹುಡುಕುತ್ತಾಳೆ. ಅಕ್ಕ ಈಜುಕೊಳದಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತು ನೀರಿಗಿಳಿದವರನ್ನು ಕಾಯುತ್ತಾಳೆ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಅಮ್ಮ ಹೋದ ಮೇಲೆ ಆ ಮನೆ ಇಬ್ಬರಿಗೂ ದೊಡ್ಡದಾಯಿತು.

ತಂಗಿಗೆ ಒಂದೇ ಹಟ ಹಿಡಿಯಿತು: ಒಂದು ಸಲ, ಒಂದೇ ಒಂದು ಸಲ ಅಮ್ಮನನ್ನು ನೋಡಬೇಕು. ಲ್ಯಾಬಿನಲ್ಲಿ ಅಚ್ಚು ಎರೆಯುವವನೊಬ್ಬನಿದ್ದ, ಎಲ್ಲರೂ ಅವನನ್ನು ಪ್ಲಾಸ್ಟರ್ ಎಂದೇ ಕರೆಯುತ್ತಿದ್ದರು. ಅವನು ಒಣಗಿದ ಅಣಬೆಯ ಪೊಟ್ಟಣ ತಂದುಕೊಟ್ಟ. "ಹೋದವರನ್ನ ನೋಡಿದೋರು ಇದ್ದಾರೆ. ಆದ್ರೆ ಒಬ್ಳೇ ತಗೋಬೇಡ, ಪಕ್ಕದಲ್ಲಿ ಯಾರಾದ್ರೂ ಇರ್ಲಿ" ಎಂದ.

ಪಕ್ಕದಲ್ಲಿರುವುದಕ್ಕೆ ಅಕ್ಕನಿಗಿಂತ ಯಾರು ಬೇಕು? ಅಕ್ಕ ಬಾಯಿ ತುಂಬ ಬೈದಳು. ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದಳು. ತಂಗಿ ಊಟ ಬಿಟ್ಟು ಕೂತಾಗ ಅದನ್ನು ಕಸದಿಂದ ತೆಗೆದು ತಾನೇ ಅವಳ ಕೈಗಿಟ್ಟಳು. "ಹೇಗೂ ಬೀಳೋಳೇ ನೀನು. ನಾನು ನೋಡ್ತಿರೋವಾಗ್ಲೇ ಬೀಳು" ಎಂದಳು.

೨

ಭ್ರಮೆಯನ್ನು ವರ್ಣಿಸುವುದೆಂದರೆ ಬರೆಯುವವರಿಗೆ ಬಲು ಹುರುಪು. ನಾನೂ ಪುಟಗಟ್ಟಲೆ ಬಣ್ಣ ಬಳಿದಿದ್ದೆ, ಓದಿ ನಾಚಿಕೆಯಾಗಿ ಹರಿದು ಹಾಕಿದೆ. ನಡೆದದ್ದು ಇಷ್ಟು. ಮೊದಲು ನೆಲದ ಟೈಲ್ಸು ಉಬ್ಬಿ ಇಳಿಯತೊಡಗಿತು. ಆಮೇಲೆ ಕೋಣೆಯ ಪ್ರತಿ ವಸ್ತುವಿಗೂ ಹಲ್ಲು ಬಂದವು. ಕಪಾಟಿಗೆ, ಕುರ್ಚಿಗೆ, ಗೋಡೆಯ ಸ್ವಿಚ್ಚಿಗೆ. ಎಲ್ಲವೂ ಅವಳೇ ಕೆತ್ತಿದವು. ತಾನು ಸತ್ತು ಎಷ್ಟೋ ಹೊತ್ತಾಗಿದೆ, ಯಾರೂ ತನಗೆ ಹೇಳಿಲ್ಲ ಎಂದು ತಂಗಿಗೆ ಖಾತ್ರಿಯಾಯಿತು. ಬಾಗಿಲ ಕಡೆ ಓಡಿದಳು. ಅಕ್ಕ ಹಿಡಿದು ಕೂರಿಸಿದಳು. ಅಕ್ಕನ ಮಡಿಲಿಗೇ ವಾಂತಿ ಮಾಡಿಕೊಂಡಳು.

ಮುಖ ಎತ್ತಿದರೆ ಎದುರಿಗೆ ಅಮ್ಮ ಕೂತಿದ್ದಳು. ಹುಬ್ಬಿನ ಮೇಲಿನ ಗೀರಿನ ಸಮೇತ, ಸಾಕ್ಷಾತ್ ಅಮ್ಮ. ತಂಗಿ ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟರಲ್ಲಿ ಆ ಮುಖ ಕದಡಿತು, ಕರಗಿತು, ಅಕ್ಕನದಾಯಿತು.

"ನೀನ್ಯಾಕೆ ಬಂದೆ?" ಎಂದಳು ತಂಗಿ. "ಅಮ್ಮನ ಬದಲು ನೀನು ಸಾಯ್ಬೇಕಿತ್ತು."

ಅಕ್ಕನ ಕೈ ಅವಳ ಬೆನ್ನ ಮೇಲಿತ್ತು. ತೆಗೆಯಲಿಲ್ಲ. "ನಾನಿದ್ದೀನಿ. ಉಸಿರು ಬಿಡು" ಎಂದಳು, ಕೊಳದಲ್ಲಿ ಹೆದರಿದವರಿಗೆ ಹೇಳುವ ದನಿಯಲ್ಲೇ.

೨, ಇನ್ನೊಮ್ಮೆ

"ಆ ವಾಕ್ಯ ತೆಗೀರಿ ಕಥೆಗಾರ್ರೇ" ಎಂದಳು, ಇಲ್ಲಿಯವರೆಗಿನ ಕರಡು ಓದಿದ ತಂಗಿ.

ಯಾವುದು ಎಂದು ಕೇಳುವಷ್ಟು ದಡ್ಡನಲ್ಲ ನಾನು. ತೆಗೆದೆ. ಅವಳು ವಾಂತಿ ಮಾಡಿಕೊಂಡು, ಅತ್ತು, ನಿದ್ದೆ ಹೋದಳು ಎಂದು ಬರೆದೆ. ಅಚ್ಚುಕಟ್ಟಾಗಿತ್ತು. ಆದರೆ ಆ ಕರಡಿನಲ್ಲೂ ಮರುದಿನ ಬೆಳಿಗ್ಗೆ ಅಕ್ಕ ಚಹಾದ ಲೋಟವನ್ನು ಟೇಬಲ್ ಮೇಲಿಟ್ಟು, ತಂಗಿಯ ಕಡೆ ತಿರುಗಿಯೂ ನೋಡದೆ ಕೆಲಸಕ್ಕೆ ಹೋದಳು. ನಾನು ಅಳಿಸಿದ್ದು ಕಾಗದದಿಂದ, ಅಕ್ಕ ಆಗಲೇ ಕೇಳಿಸಿಕೊಂಡಿದ್ದಳು. ವಿಧಿಯಿಲ್ಲದೆ ವಾಕ್ಯವನ್ನು ಮತ್ತೆ ಅದರ ಜಾಗಕ್ಕೆ ತಂದಿಟ್ಟೆ.

"ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ" ಎಂದಳು ತಂಗಿ. "ಸಂಜೆ ಬಂದು ಅಕ್ಕ ಕೇಳಿದ್ಲು, ನಿನ್ನೇದು ಏನಾದ್ರೂ ನೆನಪಿದ್ಯಾ ಅಂತ. ಏನೂ ಇಲ್ಲ ಅಂದುಬಿಟ್ಟೆ. ಅಲ್ಲೇ ಕಾಲು ಹಿಡ್ಕೊಂಡಿದ್ರೆ ಮುಗೀತಿತ್ತು."

(ಮುಗಿಯುತ್ತಿತ್ತೋ ಇಲ್ಲವೋ. ಮುಗಿಯುತ್ತಿತ್ತೆಂದೇ ಅವಳು ನಂಬಿದ್ದಾಳೆ, ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.)

೪

(ಮೂರನೆಯದು ಕೈಬಿಟ್ಟಿದ್ದೇನೆ. ಅದರಲ್ಲಿ ನಾನು ತುಂಬ ಬುದ್ಧಿವಂತನಾಗಿ ಕಾಣುತ್ತಿದ್ದೆ.)

ಅಣಬೆ ಇಳಿಯಿತು, ಭಯ ಇಳಿಯಲಿಲ್ಲ. ನಿದ್ದೆ ಹತ್ತಿರ ಸುಳಿಯಲಿಲ್ಲ. ಲ್ಯಾಬಿನ ಟ್ಯೂಬ್‌ಲೈಟ್ ನೋಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದವಡೆ ಹಲ್ಲು ಕೆತ್ತುವಾಗ ಅದು ಏನೋ ಹೇಳಲು ಹೊರಟಂತಾಗಿ ಚಾಕು ಕೈಯಿಂದ ಜಾರಿತು. ಡಾಕ್ಟರು ಪರೀಕ್ಷೆ ಮಾಡಿ ನಿದ್ದೆಗೆ ಮಾತ್ರೆ ಕೊಟ್ಟು, ಇನ್ನು ಆ ಪೊಟ್ಟಣದ ಸಹವಾಸ ಬೇಡ ಎಂದು ಗದರಿದರು. ಲ್ಯಾಬಿನ ಮಾಲೀಕರು ಕೈ ನಡುಕ ನಿಂತ ಮೇಲೆ ಬಾ ಎಂದು ರಜೆ ಕೊಟ್ಟು ಕಳಿಸಿದರು. ಪ್ಲಾಸ್ಟರ್ ಮಾತ್ರ ಮುಖ ಸಣ್ಣದು ಮಾಡಿಕೊಂಡು ಮನೆತನಕ ಬಂದು, ತನ್ನ ಹೆಂಡತಿಗೆ ಗುಣವಾದ ಕಡೆ ಕರೆದುಕೊಂಡು ಹೋದ.

ಇಲ್ಲಿ ನಾನು ತಮಾಷೆಗೆ ಸಜ್ಜಾಗಿ ಕೂತಿದ್ದೆ. ಟೈರ್ ಅಂಗಡಿಯ ಮಹಡಿ ಮೇಲೊಂದು ಕೋಣೆ, ಮೂಲೆಯಲ್ಲಿ ಬಣ್ಣದ ಕಲ್ಲುಗಳು, ರಿಕಾರ್ಡಿನಲ್ಲಿ ಕೊಳಲು. ಶಕ್ತಿ ಚಿಕಿತ್ಸೆ ಕೊಡುವ ಟೀಚರು ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು. "ನಿನ್ನ ಎನರ್ಜಿ ಎಲ್ಲಾ ತಲೆಗೆ ನುಗ್ಗಿ ಬ್ಲಾಕ್ ಆಗಿದೆಯಮ್ಮ" ಎಂದರು. ಅದೇ ಹೊತ್ತಿಗೆ ಕೆಳಗೆ ಯಾರೋ ಟೈರಿನ ಗಾಳಿ ಬಿಟ್ಟರು. ನಾನು ಬಿದ್ದು ಬಿದ್ದು ನಕ್ಕೆ.

"ನಗಿ" ಎಂದಳು ತಂಗಿ. "ಆದ್ರೆ ಅವರು ಮೇಲಿಂದ ಅಂಗೈ ಹಿಡಿದಾಗ ಕಿವಿ ಹತ್ರ ಇದ್ದ ನನ್ನ ಹೆಗಲು ಕೆಳಗಿಳೀತು. ಅದನ್ನ ಬರೀತೀರೋ ಇಲ್ವೋ?"

ಬರೆಯುತ್ತೇನೆ. ಟೀಚರು ಮುಟ್ಟುವುದಿಲ್ಲ. ಮಲಗಿದವರ ಮೈಯಿಂದ ಗೇಣು ಮೇಲೆ ಅಂಗೈ ಹಿಡಿಯುತ್ತಾರೆ: ಹಣೆ, ಗಂಟಲು, ಎದೆ, ಹೊಟ್ಟೆ, ಹೀಗೆ ಪಾದದ ತನಕ. ಕೈ ಇರುವ ಕಡೆ ಬೆಚ್ಚಗಾಗುತ್ತದೆ. ಅದು ಶಕ್ತಿಯೋ, ಕೆಳಗಿನ ಅಂಗಡಿಯ ಸೆಕೆಯೋ, ಒಬ್ಬರು ಏನನ್ನೂ ಕೇಳದೆ ಹತ್ತಿರ ಕೂತದ್ದರ ಗುಣವೋ, ನನಗೆ ತಿಳಿಯದು. ಡಾಕ್ಟರ ಮಾತ್ರೆಗೂ ಅದರದೇ ಪಾಲಿರಬಹುದು. ತಂಗಿ ಅಲ್ಲೇ ಗೊರಕೆ ಹೊಡೆದಳು. ಹೋಗುತ್ತಾ ಹೋಗುತ್ತಾ ಹಲ್ಲುಗಳು ಬಾಯಿ ಮುಚ್ಚಿದವು. ಚಾಕು ಮತ್ತೆ ಕೈಯಲ್ಲಿ ನಿಂತಿತು.

"ಇದು ದಿನಾ ಆಗ್ಬೇಕು" ಎಂದರು ಟೀಚರು. "ಮನೇಲಿ ಯಾರಿದ್ದಾರೆ? ಕರ್ಕೊಂಡು ಬಾ, ಕಲಿಸ್ತೀನಿ."

ಮನೆಯಲ್ಲಿ ಇದ್ದವಳು ಒಬ್ಬಳೇ.

೫

ಅಕ್ಕ ನಂಬಲೂ ಇಲ್ಲ, ನಗಲೂ ಇಲ್ಲ. ಮುಳುಗಿದವರ ಎದೆ ಒತ್ತುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಕಲಿತಳು. ದಿನಾ ಸಂಜೆ ಕೊಳದಿಂದ ಬಂದು, ತಂಗಿಯನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚು ಎನ್ನುತ್ತಿದ್ದಳು. ಅಂಗೈಯಲ್ಲಿ ಕ್ಲೋರಿನ್ ವಾಸನೆ. ಕೈ ಎಲ್ಲಿದೆ ಎಂದು ತಂಗಿಗೆ ಬಿಸಿಯಿಂದಲೇ ತಿಳಿಯುತ್ತಿತ್ತು.

ಹಣೆ. ಆಮೇಲೆ ಎದೆ.

ಮರೆತಿರಬೇಕು ಎಂದುಕೊಂಡಳು. ಮರುದಿನವೂ ಹಣೆ, ಎದೆ. ಅದರ ಮರುದಿನವೂ ಅಷ್ಟೆ. ಕೈ ಗಂಟಲ ಹತ್ತಿರ ಬಂದು, ಒಂದಿಷ್ಟು ಮೇಲಕ್ಕೆದ್ದು, ದಾಟಿ ಇಳಿಯುತ್ತಿತ್ತು. ಬೇರೆಲ್ಲ ಕಡೆ ಒಂದು ಬೆರಳೂ ಆಚೀಚೆ ಆಗದ ಕೈ ಅದು.

ತಂಗಿಗೆ ಅಷ್ಟರಲ್ಲಿ ವಾಸಿಯಾಗಿತ್ತು. ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು. ಆದರೂ ಸಂಜೆಯಾದರೆ ಹೋಗಿ ಮಲಗುತ್ತಿದ್ದಳು, ಏಕೆಂದರೆ ಕಣ್ಣು ಮುಚ್ಚಿರುವಾಗ ಮಾತ್ರ ಅಕ್ಕ ತನ್ನನ್ನು ನೋಡುತ್ತಿದ್ದಾಳೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಕಣ್ಣು ತೆರೆದರೆ ಅಕ್ಕನ ನೋಟ ಗೋಡೆಗೆ ಹೋಗುತ್ತಿತ್ತು. ಆ ನೋಟ ಬೇಕಾಗಿತ್ತು ಅವಳಿಗೆ. ಅಮ್ಮನನ್ನು ನೋಡಲು ಹೋಗಿ ಅಕ್ಕನನ್ನು ಕಳೆದುಕೊಂಡೆನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು.

(ಇಲ್ಲಿ ನಾನು ಮೂಗು ತೂರಿಸಿ, "ಕೇಳಿಬಿಡು" ಎಂದೆ. "ನೀವೇ ಕೇಳಿ" ಎಂದಳು. ನಾನು ಬರೆಯುವವನು, ನನಗೆ ಅಷ್ಟೆಲ್ಲ ಧೈರ್ಯ ಇಲ್ಲ.)

ಕೊನೆಗೆ ಅವಳೇ ಕೇಳಿದಳು. "ಅಕ್ಕ, ಗಂಟಲು ಯಾಕೆ ಬಿಡ್ತೀಯ?"

ಕೈ ನಿಂತಿತು. "ಅಲ್ಲಿ ಹಿಡಿದ್ರೆ ಮತ್ತೇನಾದ್ರೂ ಆಚೆ ಬರುತ್ತೇನೋ ಅಂತ."

"ನಂಗೆ ನೆನಪಿದೆ ಅಕ್ಕ. ಇಲ್ಲ ಅಂದಿದ್ದು ಸುಳ್ಳು."

"ಗೊತ್ತು. ನೆನಪಿಲ್ದೇ ಇದ್ದಿದ್ರೆ ಅವತ್ತಿಂದ ನನಗೆ ಇಷ್ಟು ಮರ್ಯಾದೆ ಕೊಡ್ತಿರ್ಲಿಲ್ಲ ನೀನು."

ತಂಗಿ ಕಣ್ಣು ತೆರೆದಳು. ಅಕ್ಕ ಈ ಸಲ ಗೋಡೆ ನೋಡಲಿಲ್ಲ.

"ಒಂದೇ ಒಂದು ಹೇಳು. ಅದನ್ನ ಹೇಳಿದ್ದು ಅಣಬೆನಾ, ನೀನಾ?"

೬

ಅಂತ್ಯ ಅ. "ಅಣಬೆ ಕಣೇ ಅಕ್ಕ" ಎನ್ನುತ್ತಾಳೆ ತಂಗಿ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. (ಓದಿ ತಂಗಿ ಆಗದೆಂದು ತಲೆಯಾಡಿಸಿದಳು. "ನನ್ನ ಸುಳ್ಳು ಅಕ್ಕನಿಗೆ ಬೆನ್ನು ನೋಡಿದ್ರೂ ಗೊತ್ತಾಗುತ್ತೆ.")

ಅಂತ್ಯ ಇ. ಅಷ್ಟರಲ್ಲಿ ಟೀಚರು ಬಾಗಿಲು ತಟ್ಟಿ ಬಂದು ಎರಡು ಒಳ್ಳೆಯ ಮಾತು ಹೇಳುತ್ತಾರೆ. (ಛೆ.)

ಅಂತ್ಯ ಆ. ಬಿಟ್ಟು ಮುಂದೆ ಹೋಗಿದ್ದು ನಿಮ್ಮ ಗಮನಕ್ಕೆ ಬಂದಿರಬೇಕು. ಇದರಲ್ಲಿ ತಂಗಿ ನಿಜ ಹೇಳುತ್ತಾಳೆ. ಅಮ್ಮ ಒಳಗೆ ಮಲಗಿದ್ದಾಗ, ಆಸ್ಪತ್ರೆಯ ಬೆಂಚಿನ ಮೇಲೆ, ಅಕ್ಕ ಪಕ್ಕದಲ್ಲೇ ಕೂತು ತೂಕಡಿಸುತ್ತಿದ್ದಾಗ, ಒಂದು ಗಳಿಗೆ ಹಾಗೆ ಅನ್ನಿಸಿತ್ತು. ಅನ್ನಿಸಿದ್ದೇ ತಡ, ಜಾರುತ್ತಿದ್ದ ಅಕ್ಕನ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡಿದ್ದಳು. ಇದನ್ನು ಕೇಳಿದ ಅಕ್ಕನ ಮುಖ ಹೇಗಾಯಿತೆಂದು ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ನನ್ನಿಂದಾಗಲಿಲ್ಲ.

ಸೋತು ತಂಗಿಗೆ ಹೇಳಿದೆ: ಈಗಲೂ ಕಾಲ ಮಿಂಚಿಲ್ಲ, ಇನ್ನೂ ಅಚ್ಚಾಗಿಲ್ಲ. ಆ ವಾಕ್ಯವನ್ನು ತೆಗೆಯುತ್ತೇನೆ, ಅಕ್ಕ ಕೇಳಿಸಿಕೊಂಡದ್ದನ್ನೂ ತೆಗೆಯುತ್ತೇನೆ, ಅಣಬೆ, ಟೀಚರು, ಟೈರ್ ಅಂಗಡಿ ಎಲ್ಲವನ್ನೂ ತೆಗೆಯುತ್ತೇನೆ. ಅಕ್ಕ ತಂಗಿ ಇಬ್ಬರು ಒಂದು ಮನೆಯಲ್ಲಿದ್ದರು ಎಂದಷ್ಟೇ ಉಳಿಯಲಿ. ತಂಗಿ "ಆಗ್ಲಿ, ದಮ್ಮಯ್ಯ, ಅಳಿಸಿ" ಎಂದಳು.

"ಬೇಡ" ಎಂದಳು ಅಕ್ಕ.

ಅಕ್ಕ ನನ್ನ ಜೊತೆ ಮಾತಾಡಿದ್ದು ಅದೊಂದೇ ಸಲ.

"ಅಳಿಸ್ಬೇಡಿ. ನೀವು ಅಳಿಸಿದ್ರೆ ಇವಳು ಮರೀತಾಳೆ, ಓದಿದವರೂ ಮರೀತಾರೆ. ನಾನೊಬ್ಳೇ ಅದನ್ನ ಇಟ್ಕೊಂಡಿರ್ಬೇಕಾಗುತ್ತೆ."

ಹಾಗಾಗಿ ಅದನ್ನು ಇದ್ದಲ್ಲೇ ಬಿಟ್ಟಿದ್ದೇನೆ. ಬರೆದದ್ದಕ್ಕೆ ನನಗೆ ದುಃಖವಿದೆ. ತಂಗಿ ಎದ್ದು ಕೂತಿದ್ದಾಳೆ, ಈಗಷ್ಟೇ "ಅಕ್ಕ" ಎಂದಿದ್ದಾಳೆ. ಮುಂದಿನ ಮಾತು ಅಕ್ಕನಿಗೆ ಹೇಳಬೇಕಾದದ್ದು. ನಾನು ಎದ್ದು ಆಚೆ ಬಂದಿದ್ದೇನೆ, ನೀವೂ ಬನ್ನಿ.